ದಾವಿಯಾಳ ಹಾಲಿಗೆ ಬೀಳದ ಗುಳಿಗೆ

ಬೇಜಾ ಸೀಮೆಯ ಹಾಲಿನವರಿಗೆಲ್ಲ ಹಮ್ಮಾದಿ ಗೊತ್ತು. ತಿಂಗಳಿಗೊಂದು ಸಲ ಅವನು ಹಾಲಿನ ಕೇಂದ್ರದ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕ್ಯಾನಿಗೂ ಸೌಟು ಇಳಿಸುತ್ತಿದ್ದ. ತಳದಿಂದ ಕಲಕಿ, ಒಂದಿಷ್ಟು ಹಾಲನ್ನು ಬೆರಳುದ್ದದ ಸೀಸೆಗೆ ಹುಯ್ದು, ಒಂದು ಗುಳಿಗೆ ಹಾಕಿ ಅಲುಗಿಸಿದರೆ ಹಾಲು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಬ್ರೊನೊಪಾಲ್ ಗುಳಿಗೆ ಅದು. ಕರೆದಾಗ ಹಾಲು ಹೇಗಿತ್ತೋ ಹಾಗೇ, ಕೀಟಾಣು ಹೆಚ್ಚದಂತೆ, ಟ್ಯೂನಿಸ್ಸಿನ ಪ್ರಯೋಗಾಲಯದವರೆಗೆ ಕಾಯುತ್ತದೆ. ಯಾರೂ ಮರೆತು ಕುಡಿಯದಿರಲಿ ಎಂದೇ ಆ ಬಣ್ಣ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ ಹಮ್ಮಾದಿಯ ಮೇಲೆ ಯಾರೂ ಬೆರಳು ತೋರಿಸಿರಲಿಲ್ಲ.

ಅವನ ಹೆಂಡತಿ ಸಾಸಿಯಾ ಮನೆಯಲ್ಲೇ ಪನ್ನೀರು, ಆಲಿವ್ ಎಣ್ಣೆ, ಜೇನುಮೇಣ ಕಲಸಿ ಮದುಮಗಳಿಗೆ ಹಚ್ಚುವ ಮುಲಾಮು ಮಾಡುತ್ತಿದ್ದಳು. ಒಳ್ಳೆ ಮುಲಾಮೇ, ಆದರೆ ಬೇಸಿಗೆ ಬಂತೆಂದರೆ ವಾರದೊಳಗೆ ಬೂಷ್ಟು. ಒಂದು ದಿನ ಪಟ್ಟಣದ ಕ್ರೀಮಿನ ಡಬ್ಬಿ ಹಿಡಿದುಕೊಂಡು ಗಂಡನ ಮುಂದೆ ಬಂದು ಕೂತಳು.

"ನೋಡಿ ಇಲ್ಲಿ, ನಿಮ್ಮ ಗುಳಿಗೆ ಹೆಸರೇ ಇದರ ಮೇಲೂ ಬರೆದಿದೆ, ಅದಕ್ಕೇ ಇದಕ್ಕೆ ಬೂಷ್ಟು ಹಿಡಿಯಲ್ಲ. ತಿಂಗಳಿಗೆ ನಾಲ್ಕು ತಂದ್ಕೊಡಿ, ಸಾಕು. ಸರ್ಕಾರದ ಒಂಟೆಗೆ ನಾಲ್ಕು ಕೂದಲು ಹೋದ್ರೆ ಚಳಿಯಾಗುತ್ತಾ?"

"ಕೆಲಸ ಹೋಗುತ್ತೆ ಕಣೇ, ಬಾಯ್ಮುಚ್ಚು" ಎಂದ ಹಮ್ಮಾದಿ. ಅಂದವನೇ ಮುಂದಿನ ತಿಂಗಳು ನಾಲ್ಕು ತಂದ. ಎಷ್ಟು ಹಾಕಬೇಕು, ಹಾಕಿದರೆ ಯಾರ ಮುಖ ಏನಾದೀತು ಎಂದು ಗಂಡ ಕೇಳಲಿಲ್ಲ, ಹೆಂಡತಿ ಹೇಳಲಿಲ್ಲ. ಅಯ್ಯೋ, ನಾಲ್ಕು ಗುಳಿಗೆಗೆ ಮನುಷ್ಯ ಇಷ್ಟು ಅಗ್ಗವಾಗಬಹುದೇ!

ಜುಲೈ ತಿಂಗಳ ಸರದಿಯಲ್ಲಿ ಕಡೆಯವಳಾಗಿ ನಿಂತವಳು ವಿಧವೆ ದಾವಿಯಾ. ಎರಡೇ ಹಸು ಅವಳಿಗೆ. ಅವಳ ಕ್ಯಾನು ಎಷ್ಟು ಚೊಕ್ಕವೆಂದರೆ, ಹೊಸ ಸೊಸೆಯರನ್ನು ಅತ್ತೆಯಂದಿರು ಅದನ್ನು ನೋಡಿ ಕಲಿಯಲು ಕಳಿಸುತ್ತಿದ್ದರು. ಅವಳ ಸೀಸೆಯ ಹೊತ್ತಿಗೆ ಡಬ್ಬಿ ಖಾಲಿ. ಒಂದು ಗುಳಿಗೆ ಕಮ್ಮಿ ಬಿದ್ದಿತ್ತು. ಬಿಳಿ ಸೀಸೆ ಕಳಿಸಿದರೆ ಪ್ರಯೋಗಾಲಯದವರು ಹಿಡಿಯುತ್ತಾರೆ. ಹಮ್ಮಾದಿ ಡಬ್ಬಿಯ ತಳದಲ್ಲಿದ್ದ ಪುಡಿ ಕೊಡವಿ ಹಾಕಿದ. ಬಣ್ಣವೇನೋ ಬಂತು, ಸತ್ವ ಬರಲಿಲ್ಲ. ಸಂಜೆಯೊಳಗೆ ಮುಟ್ಟಿಬಿಡುತ್ತದಲ್ಲ ಎಂದುಕೊಂಡ. ಮರುಭೂಮಿಯ ಬಿಸಿಗಾಳಿ ಎದ್ದು, ಲಾರಿ ದಾರಿಯಲ್ಲಿ ಕೆಟ್ಟು, ಸುತ್ತ ಇಟ್ಟಿದ್ದ ಮಂಜುಗಡ್ಡೆ ಕರಗಿ ಸೀಸೆಗಳು ಮುಟ್ಟಿದ್ದು ಎರಡು ದಿನ ಬಿಟ್ಟು.

ದಾವಿಯಾಳ ಹಾಲಿನಲ್ಲಿ ಎಣಿಸಲಾಗದಷ್ಟು ಕೀಟಾಣು ಎಂದು ವರದಿ ಬಂತು. ಎರಡನೇ ಸಲ ಪರೀಕ್ಷೆಗೆ ಕಳಿಸುವ ಮರುಸೀಸೆಯ ಫಲಿತಾಂಶ ಬರುವವರೆಗೆ ಅವಳ ಹಾಲು ಬೇಡ ಎಂದು ಕೇಂದ್ರದ ಯಜಮಾನ ನಾಜಿ ಸಾಲಿನಲ್ಲಿದ್ದವರೆದುರೇ ಕ್ಯಾನು ತಿರುಗಿಸಿ ಕಳಿಸಿದ.

"ಅಲ್ಲಾ, ಹೊರಗೆ ಮಾತ್ರ ಬೆಳ್ಳಿ, ಒಳಗೆ ಕೊಳಕು ಅನ್ನಿ" ಎಂದಳು ಒಬ್ಬಳು.

"ಸೊಸೆಯನ್ನ ಅಲ್ಲಿಗೆ ಕಳಿಸಿದ್ದೆನಲ್ಲ ತಾಯಿ!" ಎಂದು ಇನ್ನೊಬ್ಬಳು ಎದೆ ಮುಟ್ಟಿಕೊಂಡಳು.

"ಸೀಸೆ ತುಂಬೋವಾಗ ಏನಾದ್ರೂ ಎಡವಟ್ಟಾಯ್ತೇನಪ್ಪಾ?" ಎಂದು ನಾಜಿ ಅಲ್ಲೇ ನಿಂತಿದ್ದ ಹಮ್ಮಾದಿಯನ್ನು ಸುಮ್ಮನೆ ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಹಮ್ಮಾದಿ ಕೈಯಲ್ಲಿದ್ದ ಡಬ್ಬಿಯನ್ನು ಜೇಬಿಗೆ ತುರುಕಿ, "ಇಲ್ಲಪ್ಪ, ಇಲ್ಲ" ಎಂದ. ಆ ರಾತ್ರಿ ಸಾಸಿಯಾಳಿಗೆ "ಇನ್ನು ಒಂದೂ ಇಲ್ಲ" ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದ. ನಿದ್ದೆ ಎಲ್ಲಿಂದ ಬರಬೇಕು?

ಮರುಸೀಸೆಯ ದಿನ ದಾವಿಯಾ ಬೆಳಕು ಹರಿಯುವ ಮೊದಲೇ ಬಂದಿದ್ದಳು. ಬೂದಿ, ಬಿಸಿನೀರು, ಸೋಪು ಹಾಕಿ ತಿಕ್ಕಿ ತಿಕ್ಕಿ ಅವಳ ಬೆರಳ ಸಂದಿಗಳು ಒಡೆದಿದ್ದವು. ಹಮ್ಮಾದಿ ಈ ಸಲ ಗುಳಿಗೆ ಹಾಕಿದ. ಒಂದಲ್ಲ, ಎರಡು.

ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಮಗಾ, ಯಾರಿಗೂ ಹೇಳ್ಬೇಡ. ಆವತ್ತು ಸೊಸೆ ಹತ್ರ ಜಗಳ ಆಡಿ, ಅದೇ ಸಿಟ್ಟಲ್ಲಿ ಬಿಸ್ಮಿಲ್ಲಾ ಅನ್ನದೇ ಕೆಚ್ಚಲಿಗೆ ಕೈ ಹಾಕಿದ್ದೆ. ದೇವರು ಸರಿಯಾಗೇ ಮಾಡಿದ."

ಹಮ್ಮಾದಿ ಸೀಸೆ ಕೆಳಗಿಟ್ಟ. ಅವನು ಮಾಡಿದ್ದಕ್ಕೆ ಈ ಮುದುಕಿ ತನಗೆ ದೇವರ ಶಿಕ್ಷೆ ಎನ್ನುತ್ತಿದ್ದಾಳೆ!

"ಚಿಕ್ಕಮ್ಮ, ತಪ್ಪು ನಿಮ್ಮದಲ್ಲ. ನನ್ನದು" ಎಂದ.

ಅವಳು ಅವನ ಮುಖವನ್ನೇ ನೋಡಿದಳು. ಕಣ್ಣು ತುಂಬಿ ಬಂತು. ಸಾಲಿನ ಕಡೆ ತಿರುಗಿ ಕೂಗಿಬಿಟ್ಟಳು: "ಕೇಳಿದ್ರೇನ್ರೇ? ಮುದುಕಿ ಮಾನ ಉಳಿಸೋಕೆ ತಪ್ಪು ತನ್ನ ತಲೆ ಮೇಲೆ ಹಾಕ್ಕೋತಿದಾನೆ ಈ ಪುಣ್ಯಾತ್ಮ! ಹೆತ್ತ ಮಗನೂ ಮಾಡಲ್ಲ!"

"ಇಂಥೋರು ಇರೋದಕ್ಕೇ ಮಳೆ ಬೀಳ್ತಾ ಇರೋದು" ಎಂದ ನಾಜಿ. ಯಾರೋ ಹಮ್ಮಾದಿಯ ಬೆನ್ನು ತಟ್ಟಿದರು.

ಇನ್ನೊಂದೇ ಮಾತು ಬೇಕಿತ್ತು, 'ನಾನು ಗುಳಿಗೆ ಕದ್ದೆ' ಎಂದು. ಬಾಯಿ ತೆರೆದ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಅಷ್ಟು ಪ್ರೀತಿಯಿಂದ. ಬಾಯಿ ಮುಚ್ಚಿ, ಸೀಸೆಯ ಮೇಲೆ ಅವಳ ನಂಬರು ಬರೆದ.

ಫಲಿತಾಂಶ ಶುದ್ಧವಾಗಿ ಬಂತು, ಕೇಂದ್ರ ಮತ್ತೆ ಹಾಲು ತೆಗೆದುಕೊಂಡಿತು. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಲ್ಲ. "ಪಾಪ, ಈಗ ತೊಳೆಯೋದು ಕಲಿತಿದಾಳೆ" ಎಂದರು ಜನ. ಅಲ್ಲಿಂದ ಮುಂದೆ ಪ್ರತಿ ತಿಂಗಳೂ, ಹಮ್ಮಾದಿ ಸೌಟು ಇಳಿಸುವ ಮೊದಲು, ಅರವತ್ತೆಂಟರ ದಾವಿಯಾ ಶಾಲೆಯ ಹುಡುಗಿಯಂತೆ ಎರಡೂ ಅಂಗೈ ಅವನೆದುರು ಚಾಚುವಳು, ಆಮೇಲೆ ತಿರುಗಿಸಿ ಉಗುರು ತೋರಿಸುವಳು.

"ನೋಡು ಮಗಾ, ಸರಿ ಇದೆಯಾ?"

ಅವನು ನೋಡಲೇಬೇಕು, ಎಲ್ಲರೂ ಕಾಯುತ್ತಿರುತ್ತಾರೆ. ನೋಡಿ, "ಸರಿ ಇದೆ ಚಿಕ್ಕಮ್ಮ" ಎನ್ನುತ್ತಾನೆ.