ಅಟ್ಟದ ಕೆಳಗೆ ಪ್ರಾರ್ಥನೆ

ತಲೆಯ ಮೇಲೆ ಸಾವಿರಾರು ತೆಂಗಿನಕಾಯಿ ಪೇರಿಸಿಕೊಂಡು ಜನ ನಿಶ್ಚಿಂತೆಯಿಂದ ಬದುಕುವ ಸೀಮೆಗೆ ಬಂದು ಬಿದ್ದಿದ್ದೇವೆ. ನಮ್ಮ ಕರಾವಳಿಯಲ್ಲಿ ಕಾಯಿ ಒಡೆದು ಅಂಗಳದ ಬಿಸಿಲಿಗೆ ಹರವಿದರೆ ಕೆಲವೇ ದಿನಕ್ಕೆ ಕೊಬ್ಬರಿ. ಇಲ್ಲಿ, ತಿಪಟೂರಿನ ಹತ್ತಿರದ ಕಿಬ್ಬನಹಳ್ಳಿಯವರಿಗೆ ಅಂಥ ಅವಸರವಿಲ್ಲ. ಸಿಪ್ಪೆಸಮೇತ ಇಡೀ ಕಾಯನ್ನು ಅಟ್ಟಕ್ಕೇರಿಸಿ ವರ್ಷದ ಹತ್ತಿರ ಸುಮ್ಮನಿರುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಲೊಟಲೊಟ ಎನ್ನಬೇಕು. ಆಗ ಅದು ಕೊಬ್ಬರಿ. ಮೊದಲ ವಾರ ನಾನು ಬಾಗಿಲ ಚೌಕಟ್ಟಿನ ಕೆಳಗೆ ತಲೆಯಿಟ್ಟು ಮಲಗಿದೆ. ಅಟ್ಟ ಕುಸಿದರೆ ಅದೊಂದಾದರೂ ತಡೆದೀತೆಂದು.

ಇಲ್ಲಿನ ನಾರಿನ ಕಾರ್ಖಾನೆಯೊಂದಕ್ಕೆ ಮೇಲ್ವಿಚಾರಕನಾಗಿ ಬಂದವನು ನಾನು. ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳುವವರೆಗೆ ಎಲ್ಲೆಡೆ ಕಾಫಿ ಬರುತ್ತಿತ್ತು. "ಸ್ಯಾಮುವೆಲ್" ಎಂದೊಡನೆ, ಆ ಮನೆ ತಮ್ಮನ ಮಗನಿಗೇ ಬೇಕಾಗಿದೆಯೆಂಬುದು ಮಾಲೀಕರಿಗೆ ಥಟ್ಟನೆ ನೆನಪಾಗುತ್ತಿತ್ತು. ಈ ತಾಲ್ಲೂಕಿನ ತಮ್ಮಂದಿರ ಸಂತಾನಭಾಗ್ಯಕ್ಕೆ ನಾನು ಬೆರಗಾದೆ. ಕೊನೆಗೆ ಶಿವಲಿಂಗಪ್ಪನವರು ತಮ್ಮ ಮನೆಯ ಅರ್ಧ ಭಾಗ ಕೊಟ್ಟರು.

"ಮಾಂಸ ಮೀನು ಬೇಯಿಸಂಗಿಲ್ಲ, ಜನ ಸೇರಿಸಂಗಿಲ್ಲ. ಅದೇನ್ ಪೂಜೆ ಮಾಡ್ಕಂತೀರೋ ನಿಮ್ ಪಾಡಿಗೆ ಮಾಡ್ಕಳ್ಳಿ."

ಮೀನಿಲ್ಲದ ಊಟಕ್ಕೆ ಒಗ್ಗಿದೆವು. ರಾಗಿಮುದ್ದೆಯನ್ನು ಅಗಿಯದೆ ನುಂಗುವ ವಿದ್ಯೆಯನ್ನೂ ಕಲಿತೆವು. ಸಾಧನೆಗಳ ಪಟ್ಟಿ ಅಲ್ಲಿಗೇ ಮುಗಿಯುತ್ತದೆ.

ಅಷ್ಟರಲ್ಲಿ ಹೆಂಡತಿ ಸುಗಂಧಿಗೆ ಗರ್ಭಕೋಶದ ಆಪರೇಷನ್ ಆಯಿತು. ಭಾರ ಎತ್ತುವಂತಿಲ್ಲ, ಓಡಾಡುವಂತಿಲ್ಲ, ಮನೆ ಬದಲಾಯಿಸುವ ಮಾತಂತೂ ದೂರ. ಊರಲ್ಲಾಗಿದ್ದರೆ ನಮ್ಮ ಚರ್ಚಿನ ಸಭೆಯ ಹೆಂಗಸರು ಗಂಜಿ ಹಿಡಿದು ಸರದಿಯಲ್ಲಿ ಬರುತ್ತಿದ್ದರು. ಇಲ್ಲಿ ಬರುತ್ತಿದ್ದವರು ಶಿವಲಿಂಗಪ್ಪ ಒಬ್ಬರೇ, ಅದೂ ಅಟ್ಟಕ್ಕೆ. ಅಟ್ಟ ಎರಡು ಭಾಗಕ್ಕೂ ಸೇರಿ ಒಂದೇ, ಏಣಿ ಅವರ ಕಡೆ. ಸಂಜೆ ನಾವು ಪ್ರಾರ್ಥನೆಗೆ ಕೂತೊಡನೆ ಮೇಲೆ ಲೊಟಲೊಟ ಶುರು. ಕಾಯಿ ಅಲುಗಿಸಿ ನೋಡಲು ಬೆಳಗಿನ ಹೊತ್ತು ಏನಾಗಿತ್ತು? ನನಗೆ ಅವರ ಮೇಲೆ ಅನುಮಾನ ಬಂತು. ಅವರಿಗೆ ನನ್ನ ಮೇಲೆ ಬಾಡಿಗೆ ಮಾತಾಡಿದ ದಿನವೇ ಬಂದಿತ್ತು.

ನಮ್ಮ ಪ್ರಾರ್ಥನೆಯ ರೂಢಿ ಊರಿನ ಸಭೆಯವರಾದ ನಿಮಗೆ ಗೊತ್ತೇ ಇದೆ. ಕಣ್ಣು ಮುಚ್ಚಿ, ಗಟ್ಟಿಯಾಗಿ, ಆ ಹೊತ್ತಿಗೆ ಬಂದ ಮಾತಿನಲ್ಲಿ, ಒಬ್ಬೊಬ್ಬರ ಹೆಸರು ಹಿಡಿದು ಹೇಳುತ್ತೇವೆ. ಯಾರ ವಿಷಯವೆಂದು ದೇವರಿಗೆ ಗೊಂದಲವಾಗಬಾರದಲ್ಲ. ಆವತ್ತು ಸುಗಂಧಿಗೆ ಜ್ವರ ಏರಿತ್ತು. ಕರೆಯೋಣವೆಂದರೆ ಒಬ್ಬ ನೆಂಟನಿಲ್ಲ. ನನ್ನ ಧೈರ್ಯ ಪೂರ್ತಿ ಕುಸಿದಿತ್ತು.

"ಕರ್ತನೇ, ಕೈಲಾಗದವನಾಗಿ ನಿನ್ನ ಮುಂದೆ ಬಂದಿದ್ದೇನೆ. ಇವಳ ಜ್ವರ ಇಳಿಸು. ನಮ್ಮ ಮೇಲೆ ಪತ್ತೇದಾರಿಕೆ ಮಾಡುವ ಶಿವಲಿಂಗಪ್ಪನ ಕಲ್ಲುಮನಸ್ಸನ್ನು ಮುರಿ."

ಮೇಲೆ ಲೊಟಲೊಟ ನಿಂತಿತು. ಏಣಿ ಕಿರುಗುಟ್ಟಿತು. ನಾನು ಆಮೆನ್ ಹೇಳುವುದರೊಳಗೆ ಅವರು ಬಾಗಿಲಲ್ಲಿದ್ದರು.

"ಏನ್ ಸಾರ್, ನಮ್ ಹೆಸ್ರು ಕೂಗ್ದಂಗಿತ್ತು?"

"ಪ್ರಾರ್ಥನೆ, ಶಿವಲಿಂಗಪ್ಪನವರೇ."

"ಅದ್ರಾಗೆ ನಮ್ ಹೆಸ್ರು ಯಾಕೆ ಅಂತೀನಿ? ಹಿಂಗೇನಾ ನಿಮ್ಮೋರು ಜನಾನ ಸೇರಿಸ್ಕಳಾದು? ವಾಪಸ್ ತಗಳ್ಳಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿ."

ಹೋದ ಪ್ರಾರ್ಥನೆಯನ್ನು ಹಿಂದಕ್ಕೆ ಪಡೆಯುವ ವಿಧಿ ನಮ್ಮ ಸಭೆಯಲ್ಲಿಲ್ಲ. ನಾನು ತಡವರಿಸುತ್ತಿದ್ದಾಗ ಹಾಸಿಗೆಯಿಂದ ಸುಗಂಧಿ ಹೇಳಿದಳು, "ನಿಜ ಹೇಳಿ ಮಾರಾಯ್ರೆ. ನೀವು ಕೊಟ್ಟದ್ದು ದೂರು."

"ದೂರಾ?" ಶಿವಲಿಂಗಪ್ಪನ ಮುಖ ತುಸು ಸಡಿಲವಾಯಿತು. ಮತಾಂತರಕ್ಕಿಂತ ದೂರು ಅವರಿಗೆ ಪರಿಚಯದ ವ್ಯವಹಾರ. "ಏನಂತ?"

"ನೀವು ಕದ್ದು ಕೇಳ್ತೀರಿ ಅಂತ," ಎಂದೆ.

"ಕೇಳ್ತೀನಿ ಕಣ್ರೀ! ನನ್ ಮನೇಲಿ ಏನ್ ನಡೀತೈತೆ ಅಂತ ನಾನ್ ಕೇಳ್ದೆ ಇನ್ಯಾರು ಕೇಳ್ಬೇಕು?"

ಹಿಂದೆ ನಿಂತಿದ್ದ ಅವರ ಹೆಂಡತಿ ಗಂಗಮ್ಮ ಗಂಡನನ್ನು ಸರಿಸಿ ಒಳಬಂದು ಸುಗಂಧಿಯ ಹಣೆ ಮುಟ್ಟಿದರು.

"ಕೆಂಡದಂಗೆ ಸುಡ್ತಾ ಐತೆ! ಅಟ್ಟದ ಮೇಲ್ ಕೂತು ಎಲ್ಲಾ ಕೇಳ್ತಿದ್ರಲ್ರೀ, ಇವಮ್ಮುಂಗೆ ಜ್ವರ ಅಂತ ನಂಗೊಂದ್ ಮಾತು ಹೇಳಕ್ಕೆ ಏನಾಗಿತ್ತು ನಿಮ್ಗೆ? ಹೋಗಿ, ಕಾರ್ ತೆಗೀರಿ."

ತಿಪಟೂರಿನ ಆಸ್ಪತ್ರೆಯವರೆಗೆ ಶಿವಲಿಂಗಪ್ಪನವರೇ ಕಾರು ಓಡಿಸಿದರು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನ ತುಟಿಯನ್ನೇ ನೋಡುತ್ತಿದ್ದರು, ಮತ್ತೇನಾದರೂ ಶುರುಮಾಡಿದೆನೋ ಎಂದು. ಹೊಲಿಗೆಯ ಗಾಯ ಕೀವಾಗಿತ್ತು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತೆಂದರು ಡಾಕ್ಟರು.

ಮನೆ ಉಳಿಯಿತು. ಸುಗಂಧಿ ಎದ್ದು ಓಡಾಡುತ್ತಿದ್ದಾಳೆ. ಶಿವಲಿಂಗಪ್ಪ ಈಗಲೂ ಸಂಜೆಗೇ ಅಟ್ಟ ಹತ್ತುತ್ತಾರೆ. ಪ್ರಾರ್ಥನೆ ಕೇಳಿಸಿತಲ್ಲ ಎಂದು ನಾನು ಭಕ್ತಿಯಿಂದ ನೆನೆದರೆ, ಮೊದಲು ಕೇಳಿಸಿದ್ದು ಯಾರಿಗೆ ಎಂದು ಸುಗಂಧಿ ಕೇಳುತ್ತಾಳೆ. ದೇವರು ಈ ಮನುಷ್ಯನ ಕೈಯಿಂದಲೇ ಕೆಲಸ ಮಾಡಿಸಬೇಕಿತ್ತೇ ಎಂಬ ಸಣ್ಣ ಅಸಮಾಧಾನ ನನಗಿನ್ನೂ ಇದೆ.

ಕ್ರಿಸ್ಮಸ್ಸಿಗೆ ನಿಮ್ಮ ನಡುವೆ ಬಂದಾಗ ಸಭೆಯಲ್ಲಿ ನನ್ನನ್ನು ಪ್ರಾರ್ಥನೆಗೆ ಕರೆದರು. ಕಣ್ಣು ಮುಚ್ಚಿದೆ, ನಾಲಿಗೆಗೆ ಮೊದಲು ಬಂದವು ಶಿವಲಿಂಗಪ್ಪ, ಗಂಗಮ್ಮನವರ ಹೆಸರುಗಳೇ. ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ನನ್ನನ್ನು ಕಂಬದ ಮರೆಗೆ ಕರೆದರು.

"ಆ ಶಿವಲಿಂಗಪ್ಪ ನಮ್ಮವನಾದನಾ?"

"ಇಲ್ಲ."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಹಾಗಾದರೆ ನೀನು ಅವರವನಾದೆಯಾ?"

"ಅವರು ಹಾಗಂದುಕೊಂಡಿಲ್ಲ," ಎಂದೆ.

ಹಿರಿಯರಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ.