ಪ್ಲಾಸ್ಟಿಕ್ ಫೈಲಿನಲ್ಲಿಟ್ಟ ಪಾವತಿ

ಆ ಕಾಗದ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಹಳ್ಳಿ ಡಾಬಕಾದಲ್ಲಿರುವ ನನ್ನ ತಂಗಿಗೆ ಬೀದರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲ್ ಸಿಕ್ಕರೆ ಓದು, ಇಲ್ಲದಿದ್ದರೆ ಮನೆಯಲ್ಲಿರು ಎಂದು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದರು. ದಿನಾ ಔರಾದಿಗೆ ಬಂದು, ಬಸ್ಸು ಬದಲಿಸಿ ಬೀದರ್ ಮುಟ್ಟುವುದು ಆಗುವ ಮಾತಲ್ಲ. ಹಾಸ್ಟೆಲಿನ ಅರ್ಜಿಯನ್ನು ಮೇಲ್ ಮಾಡಬೇಕಿತ್ತು. ಭಾಲ್ಕಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಅಕ್ಕ ನಾನು. ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಕಡೆ ಅರ್ಜಿಯನ್ನು ಯಾರೂ ತಮ್ಮ ಮೇಲ್‌ನಿಂದ ಕಳಿಸುವುದಿಲ್ಲ. ಝೆರಾಕ್ಸ್ ಅಂಗಡಿಯವನೇ ಸ್ಕ್ಯಾನ್ ಮಾಡಿ, ತನ್ನ ಐಡಿಯಿಂದಲೇ ಊರಿನವರದ್ದೆಲ್ಲ ಕಳಿಸಿಕೊಡುತ್ತಾನೆ. ಅರ್ಜಿ ಮುಟ್ಟಿದ್ದಕ್ಕೆ ಜನ ಪಾವತಿ, ಅಂದರೆ ರಸೀದಿ, ಕೇಳುತ್ತಾರೆಂದು, ಆ ಕಡೆಯಿಂದ ಮೊದಲು ಬಂದ ಉತ್ತರ ಏನೇ ಇರಲಿ, ಪ್ರಿಂಟ್ ತೆಗೆದು ಅಂಗಡಿಯ ಠಸ್ಸೆ ಒತ್ತಿ ಕೊಡುತ್ತಾನೆ.

"ತಗೋರಿ ಮೇಡಂ, ಪಾವತಿ ಬಂತು. ಜತನ ಇಟ್ಕೋರಿ," ಎಂದು ಅಂಗಡಿಯವನು ನನಗೂ ಒಂದು ಕೊಟ್ಟ.

ಪ್ಲಾಸ್ಟಿಕ್ ಫೈಲಿನಲ್ಲಿ ಮಡಚದೆ ಇಟ್ಟುಕೊಂಡೆ. ತಂಗಿಗೆ ಫೋನು ಮಾಡಿ, "ಅರ್ಜಿ ಹೋತು. ಪಾವತಿ ನನ್ನ ಕಡೆ ಅದ, ಬೇಫಿಕರ್ ಇರು," ಎಂದೆ. ಕೊನೆಯ ದಿನಕ್ಕೆ ಇನ್ನೂ ಒಂದು ವಾರವಿತ್ತು.

ಹಾಸ್ಟೆಲಿನ ಪಟ್ಟಿ ಬಂತು, ಅವಳ ಹೆಸರಿಲ್ಲ. ಅವಳನ್ನು ಕರೆದುಕೊಂಡು ಬೀದರಿನ ಹಾಸ್ಟೆಲ್ ಆಫೀಸಿಗೆ ಹೋದೆ.

"ನಿಮ್ಮ ಅರ್ಜಿ ಬಂದೇ ಇಲ್ರಿ," ಎಂದ ಗುಮಾಸ್ತ.

"ಬಂದಿಲ್ಲ ಅಂದ್ರ ಹ್ಯಾಂಗ್ರಿ? ಪಾವತಿ ಅದ, ನೋಡ್ರಿ," ಎಂದು ಫೈಲನ್ನು ಮೇಜಿನ ಮೇಲೆ ಬಡಿದೆ.

ಅವನು ಮೆಲ್ಲಗೆ ಓದಿದ. "ಮೇಡಂ, ಇದು ಪಾವತಿ ಅಲ್ರಿ. ನಿಮ್ಮ ಮೇಲ್ ವಾಪಸ್ ಬಂದದ ಅಂತ ಬರದದ. ವಿಳಾಸ ತಪ್ಪು ಹೊಡದಿರಬೇಕು."

ಕಾಗದ ಕಸಿದುಕೊಂಡು ಓದಿದೆ. ವಿಳಾಸದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತೆಗೆದುಕೊಳ್ಳುವವರ ಮೇಲ್ ಪೆಟ್ಟಿಗೆ ತುಂಬಿದೆ, ಜಾಗವಿಲ್ಲ ಎಂದಿತ್ತು. ನೆತ್ತಿಗೆ ಸಿಟ್ಟೇರಿತು.

"ವಿಳಾಸ ತಪ್ಪಿದ್ರ ಇಂಥಾ ಪೆಟ್ಟಿಗೀನೇ ಇಲ್ಲ ಅಂತ ಬರ್ತಿತ್ತು. ತುಂಬಿದ್ದು ನಿಮ್ಮ ಪೆಟ್ಟಿಗಿರಿ. ತೆಗೀರಿ, ನೋಡೋಣು."

ಅವನು ಕಂಪ್ಯೂಟರಿನಲ್ಲಿ ತೆಗೆದ. ಹಬ್ಬಹಬ್ಬದ ಶುಭಾಶಯ, ಮುಂಜಾನೆಯ ನಮಸ್ಕಾರ, ಗುಲಾಬಿ ಹೂವಿನ ಚಿತ್ರಗಳು, ಎಳೆದಷ್ಟೂ ಮುಗಿಯಲಿಲ್ಲ.

"ಈ ಹೂವಿಗೆಲ್ಲ ಜಾಗ ಅದ, ನಮ್ಮ ಹುಡುಗಿ ಅರ್ಜಿಗೆ ಇಲ್ಲೇನ್ರಿ?"

ಅವನು ದನಿ ಏರಿಸಲಿಲ್ಲ. "ತಪ್ಪು ನಮ್ದೂ ಅದ. ಆದ್ರ ಮರುದಿನಾನೇ ಒಂದಿಷ್ಟು ಅಳಿಸಿದ್ದೆ. ಮೇಲ್ ವಾಪಸ್ ಹೋದವ್ರೆಲ್ಲ ಮತ್ತ ಕಳಿಸ್ಯಾರ, ಅವರಿಗೆ ರೂಮ್ ಸಿಕ್ಕಾವ. ಸ್ವಲ್ಪ ಹೊತ್ತು ಬಿಟ್ಟು ಮತ್ತ ಕಳಸ್ರಿ ಅಂತ ಕೆಳಗ ಬರದದಲ್ರಿ. ಈಗ ಒಂದು ರೂಮೂ ಖಾಲಿ ಇಲ್ಲ."

ಬಸ್ ಸ್ಟ್ಯಾಂಡಿನ ತನಕ ನನ್ನ ಬಾಯಿ ನಿಲ್ಲಲಿಲ್ಲ. ಗುಮಾಸ್ತನಿಗೆ ಬೈದೆ, ಝೆರಾಕ್ಸಿನವನಿಗೆ ಬೈದೆ, ಅವನ ಠಸ್ಸೆಗೂ ಬೈದೆ. ಔರಾದಿನ ಬಸ್ಸು ಕಂಡಾಗ ತಂಗಿ ಕೇಳಿದಳು.

"ಅಕ್ಕಾ, ಆ ಕಾಗದ ಇಂಗ್ಲಿಷ್‌ನಾಗೇ ಇತ್ತಲ್ಲ?"

"ಹೂಂ."

ಅವಳು ಬಸ್ಸು ಹತ್ತಿದಳು. ಫೈಲು ನನ್ನ ಕೈಯಲ್ಲೇ ಉಳಿಯಿತು.