ದೂರದ ಅಜ್ಜಿಯ ದನಿಗೆ ಮಲವಗೊಪ್ಪದ ಕಿವಿ

ಮಲವಗೊಪ್ಪದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಭದ್ರಾವತಿಯ ಮೊದಲ ಬಸ್ಸಿನ ಸದ್ದು ಅಡಗುವ ತನಕ ಕಾದು ಸುಮನಾ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಒಂದು ಮಾತು ಕೇಳಿ, ನಿಲ್ಲಿಸಿ, ಮೂಗಿನ ಮೇಲೆ ಬೆರಳಿಟ್ಟು ಅದನ್ನೇ ತಾವೂ ಆಡಿ ನೋಡುತ್ತಾರೆ. ಬೆರಳಿಗೆ ಕಂಪನ ತಾಗಿದರೆ ಕಂಪ್ಯೂಟರಿನಲ್ಲಿ ಒಂದು ಗುರುತು. ಎದ್ದು ಅಡುಗೆಮನೆಗೆ ಹೋಗಿ, ಏನನ್ನೂ ಮುಟ್ಟದೆ ಮರಳುತ್ತಾರೆ.

“ಬೆಳಗಾಗೋ ಮುಂಚೆ ಯಾರ ಮಾತು ಕದ್ದು ಕೇಳ್ತಿದೀಯ ಮಾರಾಯ್ತಿ?” ಗಂಡ ರೇಣುಕಾಪ್ರಸಾದ್ ಹಾಸಿಗೆಯಿಂದಲೇ ಕೆಣಕುತ್ತಾರೆ.

“ಪೆರು ದೇಶದ ಅಜ್ಜೀದು. ನಿಮ್ಮ ಗೊರಕೆಗಿಂತ ಚೆನ್ನಾಗಿದೆ, ಸುಮ್ನಿರಿ.”

ಅಜ್ಜಿಯ ಭಾಷೆ ಶರನಾವಾ. ಕಾಡಿನ ನದಿದಂಡೆಯ ಕೆಲವೇ ನೂರು ಜನರ ನುಡಿ. ಸ್ವರಗಳು ನಾಲ್ಕೇ, ಆದರೆ ಪ್ರತಿಯೊಂದೂ ಬಾಯಿಂದಲೂ ಬರುತ್ತದೆ, ಮೂಗಿನಿಂದಲೂ ಬರುತ್ತದೆ. ಆ ನುಡಿಯನ್ನು ದಾಖಲಿಸುತ್ತಿರುವ ಸಂಶೋಧಕರಿಗಾಗಿ, ಯಾವುದು ಎಲ್ಲಿಂದ ಬಂತೆಂದು ಗುರುತಿಸುವುದೇ ಸುಮನಾ ಅವರ ಕೆಲಸ. ಮಾತಿನ ಅರ್ಥವನ್ನು ಅವರಿಗೆ ಯಾರೂ ಹೇಳಿಲ್ಲ. ಹತ್ತು ನಿಮಿಷದ ದನಿಗೆ ಇಡೀ ಹಗಲು ಹಿಡಿಯುತ್ತದೆ.

ಭದ್ರಾವತಿಯಲ್ಲಿ ಅವರು ದುಡಿಯುತ್ತಿದ್ದ ಟೈಪಿಂಗ್ ಸೆಂಟರ್ ಮುಚ್ಚಿದ ಮೇಲೆ ಈ ಕೆಲಸ ಕೊಡಿಸಿದವರು ಶಿವಮೊಗ್ಗದ ಗೆಳತಿ ಮಂಜುಶ್ರೀ. ಮೊದಲ ಕಂತು ವಾಪಸ್ ಬಂತು. ಮೂಗಿನ ಸ್ವರ ಕೇಳಿಸಿದಲ್ಲೆಲ್ಲ ಸುಮನಾ ಕನ್ನಡದ ರೂಢಿಯಂತೆ, ಅಜ್ಜಿ ಆಡದ ‘ನ್’ ಒಂದನ್ನು ಕೊನೆಗೆ ಸೇರಿಸಿದ್ದರು. ಎರಡನೆಯದು ಇಂದು ಒಂಬತ್ತಕ್ಕೆ ಹೋಗಬೇಕು. ಅದೂ ತಿರುಗಿ ಬಂದರೆ ಕೆಲಸ ಬೇರೆಯವರ ಪಾಲು.

“ಮನೇಲಿ ಎಲ್ರ ಕೆಲ್ಸಾನೂ ಮಾಡ್ತೀನಿ. ನಂದು ಅನ್ನೋದು ಇದೊಂದೇ,” ಎನ್ನುತ್ತಾರೆ ಸುಮನಾ.

ಕೊನೆಯ ತುಣುಕಿನಲ್ಲಿ ಅವರ ಬೆರಳು ನಿಂತುಬಿಡುತ್ತದೆ. ಅಲ್ಲಿ ಎಲ್ಲ ಸ್ವರವೂ ಮೂಗಿನದೇ ಎಂಬಂತೆ ಕೇಳುತ್ತಿದೆ. ಮತ್ತೆ ಹಾಕುತ್ತಾರೆ, ಮತ್ತೆ. ಹೊರಗೆ ಹೋಗಿ ಒಣಗದ ಬಟ್ಟೆ ಮುಟ್ಟಿ ನೋಡಿ ಬರುತ್ತಾರೆ. ಮದುವೆಯಾದ ಹೊಸತರಲ್ಲಿ ತವರಿಗೆ ಫೋನ್ ಮಾಡಿ ‘ಚೆನ್ನಾಗಿದೀನಿ’ ಎನ್ನುವಾಗ ತಮ್ಮ ದನಿಯೂ ಹೀಗೇ ಇತ್ತು. ಅಜ್ಜಿ ಅಳು ನುಂಗಿಕೊಂಡು ಮಾತಾಡುತ್ತಿದ್ದಾಳೆ.

ಯಾವ ಸ್ವರವನ್ನೂ ಖಾಲಿ ಬಿಡುವಂತಿಲ್ಲ ಎಂಬುದು ನಿಯಮ. ಸುಮನಾ ಖಾಲಿ ಬಿಡುತ್ತಾರೆ. ‘ಇಲ್ಲಿ ಅಳುತ್ತಿದ್ದಾರೆ, ಗುರುತು ಹಾಕಲಾರೆ’ ಎಂದು ಬರೆದು ಕಳಿಸುತ್ತಾರೆ.

ಮಧ್ಯಾಹ್ನದವರೆಗೆ ಮನೆಯಲ್ಲಿ ಅವರು ಕೂತದ್ದಿಲ್ಲ. ಕೊನೆಗೆ ಮಂಜುಶ್ರೀಯ ಫೋನ್.

“ಒಪ್ಕೊಂಡ್ರು ಕಣೇ. ಆ ಭಾಗಾನ ಇನ್ನೊಂದಿನ ಅಜ್ಜಿ ಹತ್ರ ಮತ್ತೆ ಮಾತಾಡಿಸಿ ಕಳಿಸ್ತಾರಂತೆ. ಅದೂ ನಿಂಗೇ.”

ಸುಮನಾ ಅಲ್ಲೇ ಹೊಸ್ತಿಲ ಮೇಲೆ ಕೂರುತ್ತಾರೆ.

“ಹಾಗಾದ್ರೆ ಅವ್ರಿಗೆ ಒಂದ್ ಮಾತು ಹೇಳು,” ಎನ್ನುತ್ತಾರೆ. “ಮೈಕ್ ಹಿಡಿಯೋ ಮೊದ್ಲು ಅಜ್ಜೀನ ಊಟ ಆಯ್ತಾ ಅಂತ ಕೇಳ್ಲಿ.”